ಬೀಗರಿಗೆ ಹೇಳಿದ ತೂಕ

"ಮಗು ಸಣ್ಣದಿದೆ" ಅಂದ್ರು ಡಾಕ್ಟ್ರಮ್ಮ. ನಾನು ಜೋರಾಗಿ ನಕ್ಬುಟ್ಟೆ.

ನಗದೆ ಇನ್ನೇನ್ರೀ ಮಾಡ್ಲಿ? ಜೀವಮಾನ ಪೂರ್ತಿ ಊರೋರಿಗೆಲ್ಲ ಟೋಪಿ ಹಾಕಿದೋನು ನಾನು. ಯಾರಾದ್ರೂ ಗಂಭೀರವಾಗಿ ಮುಖ ಮಾಡ್ಕೊಂಡು ಆಗದೇ ಇರೋ ಮಾತು ಹೇಳಿದ್ರೆ, ಇವರೂ ನನ್ನ ಜಾತಿನೇ, ತಮಾಷೆ ಮಾಡ್ತಾವ್ರೆ ಅಂತ್ಲೇ ಅನ್ಸೋದು. ನನ್ನ ಮಗಳು ಅಲ್ಲಿ ಮಂಚದ ಮೇಲೆ ಕೂತಿದ್ಲು, ಏಳು ತಿಂಗಳ ಬಸುರಿ. ಕೆನ್ನೆ ನೋಡಿದ್ರೆ ಎರಡು ಮಲ್ಲಿಗೆ ಇಡ್ಲಿ. ಮೈ ಕೈ ತುಂಬಿಕೊಂಡು ಗೌರಮ್ಮನ ಹಾಗಿದ್ಲು. ಅವಳ ಹೊಟ್ಟೇಲಿ ಸಣಕಲು ಮಗುನಾ? ತುಂಬಿದ ಉಗ್ರಾಣದಲ್ಲಿ ಯಾರಾದ್ರೂ ಉಪವಾಸ ಇರ್ತಾರೇನ್ರೀ?

ಡಾಕ್ಟ್ರಮ್ಮ ನಗಲಿಲ್ಲ. ಸ್ಕ್ಯಾನ್ ಚಿತ್ರನ ಬೆಳಕಿಗೆ ಹಿಡಿದು, "ಯಜಮಾನ್ರೇ, ಏಳು ತಿಂಗಳಿಗೆ ಇರಬೇಕಾದಷ್ಟು ಬೆಳೆದಿಲ್ಲ. ಮಾಸಿನಿಂದ ಮಗೂಗೆ ಹೋಗೋ ರಕ್ತ ತಡೆದು ತಡೆದು ಹೋಗ್ತಿದೆ" ಅಂದ್ರು.

ನಗೋದು ನಿಲ್ಲಿಸಿ ನಾನೂ ಆ ಚಿತ್ರಾನ ಇಣುಕಿ ನೋಡ್ದೆ.

ಆ ರೂಮಲ್ಲಿ ಯಾರ್ಯಾರು ಇದ್ದೋ ಹೇಳ್ಬುಡ್ತೀನಿ. ಮಗಳು. ಅವಳ ಪಕ್ಕ ನಮ್ಮನೆಯವಳು, ಸೆರಗಿನ ತುದಿ ಸುತ್ತುತ್ತಾ. ಎದುರು ಕುರ್ಚೀಲಿ ಬೀಗಿತ್ತಿ, ಅಂದ್ರೆ ಅಳಿಯನ ತಾಯಿ, ರೇಷ್ಮೆ ಸೀರೆ, ಮಾತು ಕಮ್ಮಿ, ಕಣ್ಣು ಮಾತ್ರ ತಕ್ಕಡಿ ಮುಳ್ಳಿನ ಹಾಗೆ ಚುರುಕು. ಬಾಗಿಲ ಹತ್ರ ಅಳಿಯ. ಗೋಡೆಗೆ ಒರಗಿಕೊಂಡು ನಾನು. "ನೀವು ಹೊರಗಿರ್ರೀ, ಹೆಂಗಸರ ವಿಷಯ" ಅಂತ ನಮ್ಮನೆಯವಳು ನೂಕಿದ್ಲು. ನಾನು ಬುಡ್ತೀನಾ? ಒಬ್ಬಳೇ ಮಗಳು, ಅದೂ ನಮ್ಮಿಬ್ಬರಿಗೂ ಆಸೆ ಬತ್ತಿ ಹೋದ ವಯಸ್ಸಲ್ಲಿ ಹುಟ್ಟಿದೋಳು.

ನನ್ನ ಬಗ್ಗೆ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ, ಜಂಬ ಅಂದ್ಕೋಬೇಡಿ. ಅಂದ್ಕೊಂಡ್ರೂ ಪರವಾಗಿಲ್ಲ, ಜಂಬಾನೇ. ಮೈಸೂರಲ್ಲಿ ನಮ್ಮದು ಬೆಲ್ಲದ ಮಂಡಿ, ಅಪ್ಪನ ಕಾಲದ್ದು. ಈಗ ತಮ್ಮನ ಮಕ್ಕಳು ನೋಡ್ಕೋತಾರೆ. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಬಕೆಟ್ಟಲ್ಲಿ ಹುಯ್ದು ಗಟ್ಟಿ ಮಾಡಿದ ದೊಡ್ಡ ಬೆಲ್ಲ, ಯಾವುದಾದ್ರೂ ಕೊಡಿ, ಅಂಗೈ ಮೇಲಿಟ್ಕೊಂಡು ತೂಕ ಹೇಳ್ತೀನಿ. ತಕ್ಕಡಿಗೆ ಹಾಕಿ ನೋಡಿ, ಅಷ್ಟೇ ಇರುತ್ತೆ. ಪಂದ್ಯ ಕಟ್ಟಿ ಸೋತೋರು ಈ ಊರಲ್ಲಿ ಇನ್ನೂ ಇದ್ದಾರೆ, ನನ್ನ ಕಂಡ್ರೆ ರಸ್ತೆ ದಾಟ್ತಾರೆ.

ಇನ್ನು ಕೀಟಲೆ. ನನಗೆ ಎದುರಾಗಿ ನಿಲ್ಲೋನು ಯಾವನೂ ಹುಟ್ಟಿಲ್ಲ. ಸೋಪಿನ ಬಿಲ್ಲೆಗೆ ಬೆಲ್ಲದ ಪುಡಿ ಮೆತ್ತಿ ಸೋದರಮಾವನಿಗೆ ತಿನ್ನಿಸಿದ್ದೀನಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಕಲ್ಲಿನ ನಂದಿ ಮುಂದೆ ನಿಂತು "ಅಗೋ, ಕಿವಿ ಅಲ್ಲಾಡ್ತು!" ಅಂತ ಕೂಗ್ದೆ. ಜನ ಸೇರಿ ಕೈ ಮುಗಿದ್ರು, ಒಬ್ಬಮ್ಮ "ಹೌದು, ನಾನೂ ನೋಡ್ದೆ" ಅಂತ ಅಳೋಕೇ ಶುರು ಮಾಡಿದ್ರು. ಆಮೇಲೆ ನಂಗೇ ಅನುಮಾನ ಬಂದ್ಬುಟ್ಟು ತಿರುಗಿ ನೋಡ್ದೆ ಕಣ್ರೀ.

ಇಂಥೋನಿಗೆ ಒಂದು ತೊಂದರೆ ಏನಪ್ಪಾ ಅಂದ್ರೆ, ನಿಜ ಹೇಳೋ ದಿವಸ ಬಂದಾಗ ಒಬ್ಬನೂ ನಂಬಲ್ಲ. ಅಂಥ ದಿವಸ ಅವತ್ತು ಬಂತು.

ಡಾಕ್ಟ್ರಮ್ಮ ಹಳೇ ಕಾಗದ ತಿರುವಿ ಹಾಕಿದ್ರು. ಮದುವೆ ಆದ್ಮೇಲೆ ಮಗಳು, ಅಳಿಯ, ಬೀಗಿತ್ತಿ ಮೂರೂ ಜನ ಹಾಸನದ ಕಡೆ ಒಂದು ಸಣ್ಣ ಊರಲ್ಲಿದ್ರು, ಅಳಿಯನಿಗೆ ಅಲ್ಲಿ ಬ್ಯಾಂಕ್ ಕೆಲಸ. ಮೊದಲ ತಿಂಗಳುಗಳು ಅಲ್ಲೇ ಒಂದು ನರ್ಸಿಂಗ್ ಹೋಮಲ್ಲಿ ತೋರಿಸಿದ್ರು. ಬಾಣಂತನಕ್ಕೆ ಅಂತ ನಾವು ಮೈಸೂರಿಗೆ ಕರ್ಕೊಂಡು ಬಂದು, ಈ ಡಾಕ್ಟ್ರಮ್ಮನ ಹತ್ರ ಮೊದಲನೇ ಸಲ ಬಂದಿದ್ದು ಅವತ್ತು.

"ಬಸುರಿ ಆಗೋಕೆ ಮುಂಚೆ ಅರವತ್ತೆರಡು ಕೆಜಿ ಅಂತ ಹೇಳಿದ್ದೀರಾ. ಈಗ ತೊಂಬತ್ತೊಂದು. ಇಷ್ಟು ಏರಿಕೆನಾ? ಎಲ್ಲಿ, ಕಾಲು ತೋರಿಸಮ್ಮ." ಹೆಬ್ಬೆಟ್ಟಲ್ಲಿ ಮಗಳ ಕಾಲು ಒತ್ತಿ ನೋಡಿದ್ರು. ಗುಳಿ ಬೀಳಲಿಲ್ಲ. ಬಿಪಿ ನೋಡಿದ್ರು, ಅದೂ ಅಷ್ಟೇನಿಲ್ಲ. ಡಾಕ್ಟ್ರಮ್ಮನ ಹುಬ್ಬು ಗಂಟಾಯ್ತು. "ಲೆಕ್ಕ ತಾಳೆ ಆಗ್ತಿಲ್ವಲ್ಲ. ಮೈಯಲ್ಲಿ ನೀರು ತುಂಬ್ಕೊಂಡಿದೆಯೋ ಏನೋ. ಕಿಡ್ನಿ, ಲಿವರ್ ಎಲ್ಲ ನೋಡ್ಬೇಕು. ಇವತ್ತೇ ಅಡ್ಮಿಟ್ ಮಾಡ್ಬುಡಿ. ಅಮ್ಮಾ, ಮುಂಚೆ ಅರವತ್ತೆರಡೇ ತಾನೆ? ಸರಿಯಾಗಿ ಹೇಳಿ, ಇದು ಮುಖ್ಯ."

ನಮ್ಮನೆಯವಳು ತಟ್ಟಂತ, "ಹೂಂ ಡಾಕ್ಟ್ರೇ, ಅರವತ್ತೆರಡು" ಅಂದ್ಲು. ಅಂದೋಳ ಕಣ್ಣು ಡಾಕ್ಟ್ರ ಮೇಲಿರಲಿಲ್ಲ, ಬೀಗಿತ್ತಿ ಮೇಲಿತ್ತು.

ಆ ಅರವತ್ತೆರಡು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗ್ಬೇಕಲ್ಲ. ಹೆಣ್ಣು ನೋಡೋ ಶಾಸ್ತ್ರದ ದಿವಸ ಹುಟ್ಟಿದ್ದು ಅದು, ನಮ್ಮ ಮನೆ ನಡುಮನೇಲಿ, ಉಪ್ಪಿಟ್ಟು ಕೇಸರಿಬಾತ್ ಮಧ್ಯೆ. ಮಗಳು ಕಾಫಿ ಕೊಟ್ಟು ಒಳಗೆ ಹೋದ್ಲು. ಬೀಗಿತ್ತಿ ಲೋಟ ಎತ್ತಿ, "ಹುಡುಗಿ ಲಕ್ಷಣವಾಗವಳೆ. ತೂಕ ಎಷ್ಟಿರಬೋದು?" ಅಂತ ಸುಮ್ನೆ ಕೇಳ್ದಂಗೆ ಕೇಳಿದ್ರು. ನಮ್ಮನೆಯವಳು ಕಣ್ಣು ಮಿಟುಕಿಸದೆ ಅರವತ್ತೆರಡು ಅಂದ್ಬುಟ್ಲು. ನಂಗೆ ಕಾಫಿ ಮೂಗಿಗೆ ಹತ್ತಿ ಕೆಮ್ಮು ಬಂತು. ನಲವತ್ತು ವರ್ಷ ಮಂಡೀಲಿ ಕೂತಿದ್ದೀನಿ, ತೂಕದಲ್ಲಿ ಅಷ್ಟು ಕಡಿದಿದ್ರೆ ನನ್ನ ಕೈಗೆ ಬೇಡಿ ಬೀಳ್ತಿತ್ತು!

ಅವರು ಹೋದ್ಮೇಲೆ ಕೇಳ್ದೆ. "ಏನೇ, ಮಗಳನ್ನ ಸಾಣೆ ಹಿಡಿದು ಹೇಳಿದ್ಯಾ?"

"ನೀವು ಸುಮ್ನಿರ್ರೀ. ಎಲ್ಲರೂ ಸ್ವಲ್ಪ ಕಮ್ಮೀನೇ ಹೇಳೋದು. ನಿಜ ಹೇಳಿದ್ರೆ ದೃಷ್ಟಿನೂ ಆಗುತ್ತೆ, ಸಂಬಂಧಾನೂ ಹೋಗುತ್ತೆ."

ಸಂಬಂಧ ಕೂಡಿ ಬಂತು. ಬಂದ್ರೆ ಮಗಳ ತೂಕದಷ್ಟು ಬೆಲ್ಲ ಕೊಡ್ತೀನಿ ಅಂತ ನಮ್ಮನೆಯವಳು ನಂಜನಗೂಡಲ್ಲಿ ತುಲಾಭಾರದ ಹರಕೆ ಹೊತ್ಕೊಂಡಿದ್ಲು. ಬೀಗರಿಗೆ ಗೊತ್ತಾಗ್ದಂಗೆ, ಮದುವೆಗೆ ಮುಂಚಿನ ವಾರ ನಾವು ಮೂರೇ ಜನ ಹೋದ್ವಿ. ಮಂಡಿಯಿಂದ ಬಕೆಟ್ ಬೆಲ್ಲ ನಾನೇ ಆರಿಸಿ ಗಾಡಿಗೆ ಹಾಕಿದ್ದೆ. ಒಂದು ತಟ್ಟೇಲಿ ಮಗಳು, ಇನ್ನೊಂದರಲ್ಲಿ ಬೆಲ್ಲ. ಅರವತ್ತಾಯ್ತು, ಮಗಳು ನೆಲ ಬಿಡಲಿಲ್ಲ. ಎಪ್ಪತ್ತಾಯ್ತು, ಅಲ್ಲಾಡಲಿಲ್ಲ. ಸುತ್ತ ನಿಂತಿದ್ದೋರು ನೋಡ್ತಾವ್ರೆ. ನಮ್ಮನೆಯವಳು ನನ್ನ ಷರಟು ಎಳೆದು, "ರೀ, ಸಾಕು ಬುಡಿ, ದೇವರು ಬೇಜಾರು ಮಾಡ್ಕಳಲ್ಲ" ಅಂತಾಳೆ.

"ದೇವರ ಹತ್ರಾನೂ ಅರವತ್ತೆರಡು ಅಂತಿಯಾ?" ಅಂತ ಮೇಲೆ ಮೇಲೆ ಪೇರಿಸಿದೆ. ಎಂಬತ್ತರ ಮೇಲೆ ಕೆಜಿ ತೂಕದ ನಾಕು ಅಚ್ಚು ಇಟ್ಟಾಗ ಮಗಳು ಮೆಲ್ಲಗೆ ಮೇಲೆ ಬಂದ್ಲು, ತಕ್ಕಡಿ ದಂಡ ನೆಟ್ಟಗೆ ನಿಂತಿತು. ಮಗಳು ಹಗ್ಗ ಹಿಡ್ಕೊಂಡು ಕಿಲಕಿಲ ನಗ್ತಿದ್ಲು. "ಅಪ್ಪಾಜಿ, ಕಾಲಲ್ಲಿ ತಟ್ಟೆ ಒತ್ತಿಲ್ಲ ತಾನೆ?" ಅಂದ್ಲು. ಅಷ್ಟು ನಂಬಿಕೆ ನನ್ನ ಮೇಲೆ! ಒತ್ತಿರಲಿಲ್ಲ ಕಣ್ರೀ. ತಕ್ಕಡಿ ಮುಂದೆ ನಾನು ಆಟ ಆಡಲ್ಲ. ಬೇರೆ ಎಲ್ಲದರಲ್ಲೂ ಆಡ್ತೀನಿ.

ವಾಪಸ್ ಬರ್ತಾ ಗಾಡೀಲಿ ನಮ್ಮನೆಯವಳು ನನ್ನ ಕೈಲಿ ಆಣೆ ಹಾಕಿಸ್ಕೊಂಡ್ಲು, ಈ ಬೆಲ್ಲದ ವಿಷಯ ಬೀಗರ ಕಿವಿಗೆ ಬೀಳಬಾರದು ಅಂತ. ಬಾಯಿ ಕಟ್ಕೊಂಡಿದ್ದೆ. ನಾನು! ಬಾಯಿ ಕಟ್ಕೊಂಡು! ನನ್ನ ಸಾಹಸಗಳಲ್ಲೆಲ್ಲ ದೊಡ್ಡದು ಅದೇ. ಮದುವೆ ಆಗಿ ಎರಡು ಮೂರು ತಿಂಗಳಿಗೇ ಮಗಳಿಗೆ ನೀರು ನಿಂತು ಬಸುರಿ ಆದ್ಲು.

ಈಗ ರೂಮಿಗೆ ವಾಪಸ್ ಬನ್ನಿ. ನಮ್ಮನೆಯವಳ ಅರವತ್ತೆರಡು ಕೇಳಿ ನಾನು ಮೆಲ್ಲಗೆ ಒಂದು ಪ್ರಶ್ನೆ ಹಾಕಿದೆ. "ಅಲ್ಲ ಡಾಕ್ಟ್ರಮ್ಮ, ಮುಂಚಿನ ತೂಕ ಕಟ್ಕೊಂಡು ಏನಾಗ್ಬೇಕು? ಮಗು ಬೆಳೆಯೋದು ಈಗ ತಿನ್ನೋದ್ರಿಂದ ಅಲ್ವಾ?"

"ಅಲ್ಲ ಯಜಮಾನ್ರೇ" ಅಂದ್ರು. ಒಂದು ಬಿಳಿ ಹಾಳೆ ತಗೊಂಡು ದುಂಡಗೆ ಒಂದು ಗೆರೆ ಎಳೆದ್ರು. "ಇದು ಗರ್ಭಕೋಶ. ಇದರ ಗೋಡೆಗೆ ಅಂಟ್ಕೊಂಡಿರೋದು ಮಾಸು. ಮಗೂಗೆ ಊಟ, ಉಸಿರು, ಎಲ್ಲ ಇದರ ಮೂಲಕಾನೇ. ಇದು ಏಳನೇ ತಿಂಗಳಲ್ಲಿ ಕಟ್ಟೋದಲ್ಲ. ಬಸಿರು ನಿಂತ ಮೊದಲ ವಾರಗಳಲ್ಲೇ ಪಾಯ ಬೀಳುತ್ತೆ, ಎಷ್ಟೋ ಜನಕ್ಕೆ ತಾವು ಬಸುರಿ ಅಂತ ಗೊತ್ತಾಗೋ ಅಷ್ಟರಲ್ಲೇ ಶುರುವಾಗಿರುತ್ತೆ. ಆಗ ತಾಯಿ ಮೈ ಹೇಗಿತ್ತೋ, ರಕ್ತದಲ್ಲಿ ಸಕ್ಕರೆ, ಕೊಬ್ಬು ಎಷ್ಟಿತ್ತೋ, ಅದರ ಮೇಲೆ ಇದು ಕಟ್ಕೊಳ್ಳುತ್ತೆ. ತೀರಾ ಸಣಕಲು ಇದ್ರೆ ಮಾಸೇ ಚಿಕ್ಕದಾಗಬಹುದು. ಮೊದಲೇ ತೂಕ ಹೆಚ್ಚಿದ್ರೆ ಮಾಸು ದಪ್ಪಕ್ಕೆ ಬೆಳೆಯಬಹುದು, ಆದ್ರೆ ಕೆಲಸ ಅಷ್ಟು ಮಾಡಲ್ಲ. ಒಳಗೆ ಊತ, ರಕ್ತನಾಳ ಸರಿಯಾಗಿ ಅಗಲ ಆಗಿರಲ್ಲ. ಕೆಲವರಲ್ಲಿ ಮಗು ಅತಿಯಾಗಿ ದಪ್ಪ ಆಗುತ್ತೆ. ಕೆಲವರಲ್ಲಿ ಹೀಗೆ, ಸೊರಗುತ್ತೆ."

ಮಾಸು ಅಂದ್ರೆ ನಂಗೇನ್ರೀ ಗೊತ್ತಿತ್ತು? ಹೆರಿಗೆ ಆದ್ಮೇಲೆ ಬೀಳೋ ಕಸ ಅಂತ. ನಮ್ಮಮ್ಮ ನನ್ನದನ್ನ ಹಿತ್ತಲಲ್ಲಿ ಬಚ್ಚಲ ಹತ್ರ ಹೂಳಿಸಿದ್ದೆ ಅಂತ ಹೇಳೋಳು, ನಾನು ಅಲ್ಲಿಗೆ ಹೋಗಿ ಉಚ್ಚೆ ಹುಯ್ದು ಬೈಸ್ಕೊಂಡಿದ್ದೆ. ಎಸೆಯೋ ವಸ್ತು ಅಂದ್ಕೊಂಡಿದ್ದು ನೋಡಿದ್ರೆ ಮೊಮ್ಮಗೂನ ಅಡುಗೆಮನೆ!

ಮಂಡಿ ಕಣ್ಮುಂದೆ ಬಂತು. ಒಂದು ಸಲ ಸುಗ್ಗೀಲಿ ದುರಾಸೆಗೆ ಬಿದ್ದು ಸೂರಿಗೆ ಮುಟ್ಟೋ ಹಾಗೆ ಬೆಲ್ಲ ತುಂಬಿಸ್ಬುಟ್ಟಿದ್ದೆ. ಸರಕು ಬೇಕಾದಷ್ಟು, ಹಮಾಲಿಗಳು ಓಡಾಡೋಕೆ ಸಂದಿ ಇಲ್ಲ. ಒಳಗೆ ಬೆಲ್ಲ ಬೆವತು ಕರಗ್ತಾ ಇದೆ, ಬಾಗಿಲಲ್ಲಿ ಗಿರಾಕಿ ಬರೀ ಕೈಲಿ ನಿಂತವ್ನೆ. ನನ್ನ ಮಗಳ ಹೊಟ್ಟೇಲಿ ಹಂಗೇ ಆಗಿದೆಯಾ? ಬಾಗಿಲಲ್ಲಿ ನಿಂತಿರೋದು ನನ್ನ ಮೊಮ್ಮಗುನಾ?

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟು ಹೇಳ್ತಿದ್ರು. "ಆದ್ರೆ ಇವರದ್ದು ಮುಂಚೆ ಅರವತ್ತೆರಡು ಅಂತಿದ್ದೀರಾ, ಇವರ ಎತ್ತರಕ್ಕೆ ಅದು ಸರಿಯಾದ ತೂಕಾನೇ. ಹಾಗಾದ್ರೆ ಕಾರಣ ಬೇರೆ ಕಡೆ ಹುಡುಕ್ಬೇಕು. ಈ ಮೂವತ್ತು ಕೆಜಿ ಎಲ್ಲಿಂದ ಬಂತು ಅಂತ ಮೊದಲು..."

"ಬೆಲ್ಲ!" ಅಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದ್ರು.

"ಎಂಬತ್ತನಾಲ್ಕು ಡಾಕ್ಟ್ರಮ್ಮ. ಮದುವೆಗೆ ಮುಂಚಿನ ವಾರ. ನಂಜನಗೂಡಲ್ಲಿ ಬೆಲ್ಲ ಹಾಕಿ ತೂಗಿದ್ದೀನಿ, ನನ್ನ ಕೈಯಾರೆ. ಒಂದು ಅಚ್ಚು ಆ ಕಡೆ ಈ ಕಡೆ ಅಷ್ಟೇ."

ನಮ್ಮನೆಯವಳ ಮುಖ ಸುಣ್ಣ ಆಯ್ತು. ಆದ್ರೂ ಬುಡ್ತಾಳಾ? "ಡಾಕ್ಟ್ರೇ, ಇವರ ಮಾತು ಕಟ್ಕೋಬೇಡಿ. ನಂದಿ ಕಿವಿ ಅಲ್ಲಾಡ್ತು ಅಂತ ಊರು ಸೇರಿಸಿದೋರು ಇವರು. ಸೋಪು ತಿನ್ನಿಸಿದೋರು. ಎಲ್ಲಿ ಏನು ತಮಾಷೆ ಮಾಡ್ಬೇಕು ಅಂತ ಗೊತ್ತಾಗಲ್ಲ ಈ ವಯಸ್ಸಲ್ಲೂ!"

"ತಮಾಷೆ ಅಲ್ಲ ಕಣೇ!"

"ಮಾವ, ಪ್ಲೀಸ್" ಅಂದ ಅಳಿಯ ಬಾಗಿಲಿಂದ. ಅವನ ಮುಖದಲ್ಲೂ ಅದೇ, ಈ ಮುದುಕ ಇಲ್ಲೂ ಶುರು ಮಾಡಿದ್ನಲ್ಲ ಅಂತ.

ಡಾಕ್ಟ್ರಮ್ಮ ನನ್ನ ನೋಡಿದ್ರು, ನಮ್ಮನೆಯವಳನ್ನ ನೋಡಿದ್ರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನೂ ನಾಟಕ ಅಂದ್ಕೊಂಡ್ರೋ ಏನೋ. ಎಷ್ಟು ಜನರನ್ನ ನಂಬಿಸಿದ್ದೀನಿ ಇಲ್ಲದ್ದನ್ನ, ಅವತ್ತು ಇದ್ದದ್ದನ್ನ ನಂಬ್ಸೋಕೆ ಆಗ್ತಿಲ್ಲ.

ಆಗ ಮಂಚದ ಮೇಲಿಂದ ಮಗಳು ಬಾಯಿ ಬಿಟ್ಲು. ಬೀಗಿತ್ತಿ ಕಡೆ ನೋಡಲಿಲ್ಲ, ಗಂಡನ ಕಡೆ ನೋಡಲಿಲ್ಲ. ಕೈ ಹೊಟ್ಟೆ ಮೇಲಿತ್ತು.

"ಅಪ್ಪಾಜಿ ಹೇಳಿದ್ದೇ ನಿಜ ಡಾಕ್ಟ್ರೇ. ಎಂಬತ್ತನಾಲ್ಕೇ ಇದ್ದೆ."

ಬೀಗಿತ್ತಿ ಸೀರೆ ನೆರಿಗೆ ಸರಿ ಮಾಡ್ಕೊಂಡ್ರು, ಅಷ್ಟೇ.

ಡಾಕ್ಟ್ರಮ್ಮ ಕುರ್ಚಿಗೆ ಒರಗಿದ್ರು. "ಅಬ್ಬ! ಈಗ ಅರ್ಥ ಆಯ್ತು ನೋಡಿ. ಅಂದ್ರೆ ಏರಿದ್ದು ಏಳೇ ಕೆಜಿ. ನೀರೂ ಅಲ್ಲ, ಕಿಡ್ನೀನೂ ಅಲ್ಲ. ಮಾಸಿನ ಕಡೆನೇ ಗಮನ ಕೊಡ್ಬೇಕು." ಆಮೇಲೆ ದನಿ ಮೆತ್ತಗೆ ಮಾಡಿ ಮಗಳಿಗೆ, "ನೋಡಮ್ಮ, ಇದು ನಿನ್ನ ತಪ್ಪು ಅಂತ ಅಂದ್ಕೋಬೇಡ. ನಿನಗಿಂತ ತೂಕ ಇರೋ ಎಷ್ಟೋ ಜನ ಗುಂಡಗಿರೋ ಮಕ್ಕಳನ್ನ ಹೆತ್ತು ಮನೆಗೆ ಹೋಗಿದ್ದಾರೆ. ತೂಕ ಒಂದೇ ಕಾರಣ ಅಂತ ನಾನೂ ಹೇಳಕ್ಕಾಗಲ್ಲ. ಆದ್ರೆ ಮೊದಲೇ ಗೊತ್ತಿದ್ರೆ ಮೊದಲಿಂದ್ಲೇ ಕಣ್ಣಿಟ್ಟಿರ್ತಿದ್ವಿ. ಸಕ್ಕರೆ ಪರೀಕ್ಷೆ ಬೇಗ ಮಾಡಿಸಿರ್ತಿದ್ವಿ, ಸ್ಕ್ಯಾನ್ ಹೆಚ್ಚು ಮಾಡ್ತಿದ್ವಿ. ಇರಲಿ, ಇವತ್ತಿಂದ ಮಾಡೋಣ" ಅಂದ್ರು.

"ಮಗು ಉಳಿಯುತ್ತಾ?" ಅಂದ್ಲು ಮಗಳು.

"ಹೊಟ್ಟೇಲಿ ಎಷ್ಟು ದಿವಸ ಇಟ್ಕೊಳ್ಳಕ್ಕಾಗುತ್ತೋ ಅಷ್ಟು ದಿವಸ ಇಟ್ಕೊಳ್ಳೋಣ. ಒಳಗಿರೋದಕ್ಕಿಂತ ಹೊರಗೇ ವಾಸಿ ಅನ್ನಿಸಿದ ದಿವಸ ತೆಗೆದ್ಬುಡೋಣ."

ಆ ಮಾತು ಕೇಳಿ ನಾನು ಹೊರಗೆ ಬಂದ್ಬುಟ್ಟೆ. ಬೆಂಚಿನ ಮೇಲೆ ಕೂತೆ. ಮಗಳನ್ನ ಮತ್ತೊಂದು ಸ್ಕ್ಯಾನಿಗೆ ಕರ್ಕೊಂಡು ಹೋದ್ರು. ನಮ್ಮನೆಯವಳು ನನ್ನಿಂದ ದೂರ, ಕಿಟಕಿ ಹತ್ರ ಬೆನ್ನು ಹಾಕಿ ನಿಂತ್ಲು. ಬೀಗಿತ್ತಿ ಬಂದು ನನ್ನ ಪಕ್ಕದಲ್ಲೇ ಕೂತ್ರು. ಸತ್ತೆ ಅಂದ್ಕೊಂಡೆ. ಈಗ ಶುರುವಾಗುತ್ತೆ, ಮೋಸ ಮಾಡಿ ಮದುವೆ ಮಾಡಿದ್ರಿ ಅಂತ.

"ಬೀಗರೇ" ಅಂದ್ರು.

"ಹೇಳಿ ಬೀಗಿತ್ತಿಯವರೇ."

"ಅವತ್ತೇ ಗೊತ್ತಿತ್ತು ನಂಗೆ."

"ಏನು?"

"ತೂಕ. ನಂಗೇನು ಕಣ್ಣಿಲ್ವಾ? ಹುಡುಗಿ ಕಾಫಿ ಕೊಡೋಕೆ ಬಗ್ಗಿದಾಗ್ಲೇ ಎಂಬತ್ತರ ಮೇಲೆ ಅಂದ್ಕೊಂಡೆ. ನಗುಮುಖ ಇಷ್ಟ ಆಯ್ತು, ಒಪ್ಕೊಂಡೆ. ತೂಕ ತಗೊಂಡು ನಾನೇನ್ ಮಾಡ್ಲಿ?"

ನನ್ನ ಬಾಯಿ ತೆರೆದಿದ್ದು ಮುಚ್ಚಲಿಲ್ಲ. ಇಷ್ಟು ವರ್ಷ ಬೇರೆಯೋರ ಬಾಯಿ ಹಂಗೆ ತೆರೆಸಿದ್ದೆ ನಾನು.

"ಮತ್ತೆ... ಆ ನರ್ಸಿಂಗ್ ಹೋಮಲ್ಲಿ ಅರವತ್ತೆರಡು ಅಂತ ಹೇಳಿದ್ದು?"

ಬೀಗಿತ್ತಿ ತಲೆ ತಗ್ಗಿಸಿದ್ರು. "ನಾನೇ. ಅಲ್ಲಿ ಸಿಸ್ಟರು ಕೇಳಿದ್ಲು. ಮಗ ಪಕ್ಕದಲ್ಲೇ ಇದ್ದ. ನಿಮ್ಮನೆಯವರು ಅವನ ಮುಂದೆ ಅಷ್ಟು ಅಂತ ಹೇಳಿದ್ದಾರೆ. ನಾನು ಬೇರೆ ಹೇಳಿದ್ರೆ ಬೀಗರ ಮಾತು ಸುಳ್ಳು ಮಾಡ್ದಂಗೆ ಆಗಲ್ವಾ? ನಿಮ್ಮ ಮಗಳು ನನ್ನ ಮುಖ ನೋಡಿ ಸುಮ್ನಾದ್ಲು. ಆಮೇಲೆ ಅವರು ತೂಕ ಹಾಕಿದಾಗ ಜಾಸ್ತಿ ಬಂತು. ಮಿಷನ್ನೇ ಸರಿಯಿಲ್ಲ ಅಂತ ರಿಪೇರಿಗೆ ಕಳಿಸಿ, ಕಾಗದದಲ್ಲಿ ನಾನು ಹೇಳಿದ್ದನ್ನೇ ಬರ್ಕೊಂಡ್ರು."

ನೋಡಿ, ಎಂಥಾ ಮರ್ಯಾದಸ್ಥರು ನಾವು! ನಮ್ಮನೆಯವಳು ಬೀಗಿತ್ತಿಗೆ ಗೊತ್ತಾಗಬಾರದು ಅಂತ ಸುಳ್ಳು ಕಾಪಾಡ್ಕೊಂಡು ಬಂದ್ಲು. ಬೀಗಿತ್ತಿ ಗೊತ್ತಿದ್ದೂ ಗೊತ್ತಿದ್ದೂ, ನಮ್ಮನೆಯವಳ ಮಾನ ಹೋಗಬಾರದು ಅಂತ ಅದೇ ಸುಳ್ಳನ್ನ ಡಾಕ್ಟ್ರಿಗೆ ಒಪ್ಪಿಸಿದ್ರು. ಮಗಳು ಅತ್ತೆ ಮಾತು ಮೀರಬಾರದು ಅಂತ ನುಂಗಿಕೊಂಡ್ಲು. ನಾನು ಆಣೆ ಹಾಕಿ ಬಾಯಿಗೆ ಬೀಗ ಜಡಿದಿದ್ದೆ. ಕೊನೆಗೆ ತಪ್ಪು ಯಾರ ತಲೆಗೆ ಬಂತು? ಪಾಪ, ಆ ತೂಕದ ಮಿಷನ್‌ಗೆ! ನಿಜ ಹೇಳಿದ್ದು ಅದೊಂದೇ, ಅದನ್ನ ರಿಪೇರಿಗೆ ಹಾಕಿದ್ರು. ನನ್ನ ಆಯುಸ್ಸಿನಲ್ಲಿ ಇಷ್ಟು ದೊಡ್ಡ ಟೋಪಿ ನಾನು ಯಾರಿಗೂ ಹಾಕಿಲ್ಲ ಕಣ್ರೀ. ಒಬ್ಬರಿಗೊಬ್ಬರು ಹಾಕ್ಕೊಂಡ್ವಿ, ಹೊಟ್ಟೆ ಒಳಗಿರೋ ಕೂಸಿಗೆ ಬಿತ್ತು.

ಕಿಟಕಿ ಹತ್ರ ನಿಂತಿದ್ದ ನಮ್ಮನೆಯವಳಿಗೆ ಎಲ್ಲ ಕೇಳಿಸಿತ್ತು. ತಿರುಗಿ ಬೀಗಿತ್ತಿ ಮುಂದೆ ಬಂದು ನಿಂತ್ಲು. ಕಾಲಿಗೆ ಬೀಳ್ತಾಳೇನೋ ಅಂದ್ಕೊಂಡೆ. ಬೀಳಲಿಲ್ಲ. ಬೆಂಚಿನ ಮೇಲೆ ಧೊಪ್ಪಂತ ಕೂತು ಅವರ ಭುಜಕ್ಕೆ ಮುಖ ಇಟ್ಟು ಅತ್ಬುಟ್ಲು. ಬೀಗಿತ್ತಿ ಅವಳ ಬೆನ್ನು ತಟ್ಟುತ್ತಾ ನನ್ನ ಕಡೆ ನೋಡಿ, "ಬೀಗರೇ, ನನ್ನ ಮಗನ ಎತ್ತರ ಐದು ಅಡಿ ಎಂಟು ಅಂಗುಲ ಅಂದಿದ್ದೆ ನೆನಪಿದ್ಯಾ?" ಅಂದ್ರು.

"ಹೂಂ."

"ಆರೇ ಅಂಗುಲ."

ನಗಬೇಕು ಅನ್ನಿಸ್ತು. ಬಾಗಿಲಾಚೆ ಸ್ಕ್ಯಾನಿನ ಟಕ್ ಟಕ್ ಕೇಳಿಸ್ತಿತ್ತು, ಮಗೂದೋ ತಾಯೀದೋ ಗೊತ್ತಿಲ್ಲ, ಎದೆ ಬಡಿತ. ನಗು ಬರಲಿಲ್ಲ.

ಆಮೇಲಿನ ವಾರಗಳು ಹೇಗೆ ಕಳೆದ್ವು ಅಂತ ಕೇಳ್ಬೇಡಿ. ಮಗಳ ಸಕ್ಕರೆನೂ ಸ್ವಲ್ಪ ಏರಿದೆ ಅಂತ ಗೊತ್ತಾಯ್ತು. ಬೆಲ್ಲದ ಮಂಡಿಯೋನ ಮನೇಲಿ ಬೆಲ್ಲದ ಡಬ್ಬಿ ಕಾಣೆ ಆಯ್ತು! ಸೀಮಂತಕ್ಕೆ ವಿಜಯನಗರದಿಂದ, ಕೆಸರೆಯಿಂದ ನೆಂಟರು ಕೊಬ್ರಿಮಿಠಾಯಿ, ಚಿರೋಟಿ, ಕರ್ಜಿಕಾಯಿ ಹೊತ್ಕೊಂಡು ಬಂದ್ರೆ ನಾನು ಬಾಗಿಲಲ್ಲೇ ತಡೆದು, "ಬಸುರಿ ನಾನು, ಇಲ್ಲಿ ಕೊಡಿ" ಅಂತ ಇಸ್ಕೋತಿದ್ದೆ. ನೆಂಟರಲ್ಲಿ ಒಬ್ಬರು, ಮಗಳಿಗೆ ದೂರದ ಅತ್ತೆ, ಅವಳ ಗಲ್ಲ ಹಿಡಿದು "ಹೊಟ್ಟೆ ತುಂಬ ತಿನ್ನು ಪುಟ್ಟಿ, ಎರಡು ಜೀವ" ಅಂದ್ರು. ಬೀಗಿತ್ತಿ ಮಧ್ಯ ಬಂದು, "ಊಟ ಇಬ್ಬರಿಗಲ್ಲ ಕಣಮ್ಮ, ಒಬ್ಬರಿಗೇ ಸರಿಯಾಗಿ ಅಂತ ಡಾಕ್ಟ್ರು ಹೇಳವ್ರೆ" ಅಂದ್ಬುಟ್ರು. ಆ ಅತ್ತೆ ಇವತ್ತಿಗೂ ಬೀಗಿತ್ತಿ ಸೊಸೇಗೆ ಅನ್ನ ಹಾಕಲ್ಲ ಅಂತ ಊರಲ್ಲಿ ಹೇಳ್ಕೊಂಡು ಓಡಾಡ್ತಾರೆ.

ಮಗಳು ಊಟ ಆದ್ಮೇಲೆ ಎಡಕ್ಕೆ ಒರಗಿ ಮಲಗಿ ಮಗು ಒದೆಯೋದನ್ನ ಗಮನಿಸೋಳು. ನಾನು ಪಕ್ಕದಲ್ಲಿ ಕೂತು ಹೊಟ್ಟೆ ಹತ್ರ ಬಾಯಿಟ್ಟು, "ಏಯ್ ಕಳ್ಳ, ಅಗೋ, ನಂದಿ ಕಿವಿ ಅಲ್ಲಾಡ್ತು!" ಅಂತಿದ್ದೆ. ಒದೆಯೋದು! ನನ್ನ ಮಾತು ನಂಬಿ ಎದ್ದು ನೋಡೋ ಹಾಗೆ ಒದೆಯೋದು. ಮಗಳು ನಗೋಳು. ನನ್ನನ್ನ ಪೂರ್ತಿ ನಂಬೋ ಜೀವ ಅದೊಂದೇ ಇತ್ತು ಆಗ.

ಒಂದು ಮಧ್ಯಾಹ್ನ ಅದೇ ಮಾತು ಅಂದೆ. ಒದೆಯಲಿಲ್ಲ. ಮತ್ತೆ ಅಂದೆ, ಜೋರಾಗಿ. ಮಗಳ ಮುಖ ನೋಡ್ದೆ. "ಅಪ್ಪಾಜಿ, ಬೆಳಗ್ಗೆಯಿಂದ್ಲೂ ಕಮ್ಮಿ ಕಣೋ" ಅಂದ್ಲು. ಗಾಬರೀಲಿ ಬಹುವಚನನೂ ಮರೆತುಹೋಗಿತ್ತು ಅವಳಿಗೆ. ನಾನು ಚಪ್ಪಲಿ ಹಾಕ್ಕೊಳ್ಳದೆ ಆಟೋ ಕರೆದೆ.

ಡಾಕ್ಟ್ರಮ್ಮ ನೋಡಿದೋರೇ, "ಇನ್ನು ಹೊರಗೇ ವಾಸಿ" ಅಂದ್ರು. ಮಗೂನ ಶ್ವಾಸಕೋಶ ಗಟ್ಟಿ ಆಗೋಕೆ ಇಂಜೆಕ್ಷನ್ ಮುಂಚೆನೇ ಕೊಟ್ಟಿದ್ರು. ಆಪರೇಷನ್ ಆಯ್ತು. ಬಾಗಿಲ ಹೊರಗೆ ನಾವು ನಾಲ್ಕು ಜನ, ಯಾರೂ ಯಾರ ಮುಖಾನೂ ನೋಡ್ತಿಲ್ಲ. ಒಳಗಿಂದ ಒಂದು ಸದ್ದು ಬಂತು, ಬೆಕ್ಕಿನ ಮರಿ ಥರ. ಅಷ್ಟೇ ಅಳು. ಹೆಣ್ಣು ಮಗು. ನಮ್ಮ ಮುಂದೆ ಗಾಜಿನ ಪೆಟ್ಟಿಗೇಲಿ ತಳ್ಕೊಂಡು ಹೋದ್ರು, ನನ್ನ ಮುಂಗೈ ಅಷ್ಟುದ್ದ, ತೊಡೆ ಅನ್ನೋದು ನನ್ನ ಹೆಬ್ಬೆಟ್ಟು.

ಸ್ವಲ್ಪ ಹೊತ್ತಿಗೆ ಡಾಕ್ಟ್ರಮ್ಮ ಬಂದ್ರು. ಮಗಳು ಚೆನ್ನಾಗಿದ್ದಾಳೆ ಅಂದ್ರು. ಜೀವ ಬಂತು. ಬಂದ ಜೀವಕ್ಕೆ ಹಳೇ ಬುದ್ಧಿನೂ ಬಂತು. "ಡಾಕ್ಟ್ರಮ್ಮ, ಆ ಮಾಸು ನೋಡ್ಬೋದಾ?" ಅಂದೆ.

ನರ್ಸಮ್ಮ ಹೌಹಾರಿದ್ಲು. "ತಾತ, ಅದನ್ನೆಲ್ಲ ಯಾಕೆ ನೋಡ್ತೀರಾ?" ಡಾಕ್ಟ್ರಮ್ಮ ಒಂದು ಕ್ಷಣ ನನ್ನ ನೋಡಿ, "ಪರೀಕ್ಷೆಗೆ ಕಳಿಸ್ತಿದ್ದೀನಿ, ಇನ್ನೂ ಇಲ್ಲೇ ಇದೆ. ಬನ್ನಿ" ಅಂದ್ರು. ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿ. ಗ್ಲೌಸು ಹಾಕಿಸಿ ಡಬ್ಬಿ ನನ್ನ ಕೈಗೆ ಕೊಟ್ರು.

ನನ್ನ ಕೈ ತಾನಾಗೇ ತೂಗಿತು. ಡಬ್ಬಿ ಕಳೆದು ಮುಕ್ಕಾಲು ಕೆಜಿ ಹತ್ರ. ಅಷ್ಟು ಭಾರ! ಅದು ಸಾಕಿದ್ದ ಕೂಸು ಎರಡು ಕೆಜೀನೂ ಇಲ್ಲ. ನಂಬ್ತೀರಾ? ಅಷ್ಟು ದೊಡ್ಡ ಅಡುಗೆಮನೆ, ಒಂದು ತುತ್ತು ಅನ್ನ. ಗಾಜಿನಂಥ ಮುಚ್ಚಳದ ಮೂಲಕ ನೋಡ್ದೆ. ಕೆಂಪಗೆ, ದಪ್ಪಗೆ, ಅಲ್ಲಲ್ಲಿ ಬಿಳಿಚಿಕೊಂಡ ಗಟ್ಟಿ ಜಾಗ.

"ಆ ಬಿಳಿ ಇದೆಯಲ್ಲ, ಅಲ್ಲೆಲ್ಲ ರಕ್ತ ನಿಂತು ಹೋಗಿದೆ. ಆ ಭಾಗ ಕೆಲಸ ಬಿಟ್ಟಿತ್ತು. ಉಳಿದಿದ್ದು ಮಾತ್ರ ಇಲ್ಲೀವರೆಗೆ ದುಡಿದಿದೆ" ಅಂದ್ರು ಡಾಕ್ಟ್ರಮ್ಮ.

ನನ್ನ ಹಿತ್ತಲು ನೆನಪಾಯ್ತು, ಅಮ್ಮ ಹೂಳಿಸಿದ್ದ ಜಾಗ. ಇದನ್ನ ಕೊಡಿ, ಹೂಳ್ತೀನಿ, ಮೇಲೊಂದು ದೀಪ ಇಡ್ತೀನಿ ಅನ್ನೋಣ ಅನ್ನಿಸ್ತು. ಪರೀಕ್ಷೆಗೆ ಬೇಕಂದ್ರು. ಮಗಳಿಗೆ ಮುಂದೆ ಇನ್ನೊಂದು ಮಗು ಬೇಕು ಅನ್ನಿಸಿದ್ರೆ, ಆಗ ಉಪಯೋಗಕ್ಕೆ ಬರುತ್ತಂತೆ. ಸರಿ ಅಂತ ವಾಪಸ್ ಕೊಟ್ಟೆ. ಕೊಡೋಕೆ ಮುಂಚೆ ಡಬ್ಬಿನ ಹಣೆಗೆ ಮುಟ್ಟಿಸ್ಕೊಂಡೆ. ನರ್ಸಮ್ಮ ಇವನಿಗೆ ಹುಚ್ಚು ಅಂದ್ಕೊಂಡಿರಬೇಕು.

ಕೆಲವು ದಿವಸ ಆದ್ಮೇಲೆ, ಮಗು ಪೆಟ್ಟಿಗೆಯಿಂದ ಹೊರಗೆ ಬಂದು ಮಗಳ ಎದೆ ಮೇಲೆ ಮಲಗೋ ಹಾಗಾದಾಗ, ನನ್ನ ಕೈಗೂ ಕೊಟ್ರು. ಎಲ್ಲರೂ ಸುತ್ತ ನಿಂತಿದ್ರು. ಅಳಿಯ ಮೊಬೈಲ್ ಹಿಡಿದು, "ಮಾವ, ತೂಕ ಹೇಳಿ ನೋಡೋಣ. ಈಗ ತಾನೆ ಸಿಸ್ಟರ್ ಹಾಕಿದ್ದಾರೆ, ನಂಗೊತ್ತು" ಅಂದ. ಪಂದ್ಯ! ನಾನು ಅಂಗೈ ಸೇರಿಸಿ ಹಿಡ್ಕೊಂಡೆ. ಬೆಚ್ಚಗೆ, ಉಸಿರಾಡ್ತಾ ಇದೆ. ಕೈ ನಡುಗ್ತಿತ್ತು. ನಡುಗೋ ತಕ್ಕಡಿ ಯಾವ ತೂಕ ತೋರಿಸುತ್ತೆ? "ಗೊತ್ತಾಗ್ತಿಲ್ಲ ಕಣಪ್ಪ" ಅಂದೆ. ಯಾರೂ ನಂಬಲಿಲ್ಲ.

ಅಷ್ಟರಲ್ಲಿ ನಮ್ಮನೆಯವಳ ಫೋನು. ಅದೇ ಅತ್ತೆ, ಎರಡು ಜೀವ ಅಂದೋರು. ಸ್ಪೀಕರಲ್ಲೇ ಕೇಳಿಸ್ತಿತ್ತು. "ಮೊಮ್ಮಗು ಆಯ್ತಂತೆ! ಗುಂಡುಗುಂಡಗಿರ್ಬೇಕು. ಎಷ್ಟು ತೂಕ?"

ನಮ್ಮನೆಯವಳು ಬಾಯಿ ತೆರೆದ್ಲು. ಆ ಬಾಯಿ ನಂಗೊತ್ತು, ಮೂರು ಅನ್ನೋಕೆ ತೆರೆದ ಬಾಯಿ ಅದು. ಬೀಗಿತ್ತಿ ಕಡೆ ನೋಡಿದ್ಲು. ಬೀಗಿತ್ತಿ ಸೀರೆ ನೆರಿಗೆ ಸರಿ ಮಾಡ್ಕೊಂಡ್ರು.

"ಎರಡು ಕೆಜಿಗೂ ಕಮ್ಮಿ" ಅಂದ್ಲು.

"ಆಂ? ಏನಂದ್ರಿ?"

"ಸರಿಯಾಗೇ ಕೇಳಿಸ್ಕೊಂಡ್ರಿ. ಎರಡು ಕೆಜಿಗೂ ಕಮ್ಮಿ. ಉಸಿರಾಡ್ತವಳೆ, ಹಾಲು ಕುಡೀತವಳೆ. ಫೋನ್ ಇಡ್ತೀನಿ, ಮಗು ಎದ್ದಿದೆ."

ಎದ್ದಿರಲಿಲ್ಲ. ನನ್ನ ಕೈಯಲ್ಲಿ ನಿದ್ದೆ ಹೊಡೀತಿತ್ತು. ನಾನು ಬಗ್ಗಿ ಅದರ ಕಿವಿಗೆ ಮೆಲ್ಲಗೆ, "ಅಗೋ, ನಂದಿ ಕಿವಿ ಅಲ್ಲಾಡ್ತು" ಅಂದೆ. ಬಟ್ಟೆ ಒಳಗೇ ಒಂದು ಕಾಲು ಝಾಡಿಸ್ತು.